ಹೊನ್ನೂರಕ್ಕನ ಹೆಸರಿಗೆ ಬಿದ್ದ ಕ್ಲಿಕ್ಕು

ಕಳೆದ ವಾರ ತರಬೇತಿಯೊಂದಕ್ಕೆಂದು ಮಡಕಶಿರಾದಿಂದ ರಾಯದುರ್ಗಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿಯುತ್ತಿದ್ದಂತೆಯೇ ಆಷಾಢದ ಗಾಳಿ ವೇಲನ್ನು ಎತ್ತಿ ಮುಖಕ್ಕೆ ಬಡಿಯಿತು. ಅದನ್ನು ಸರಿಮಾಡಿಕೊಳ್ಳುತ್ತ ನಿಂತಿದ್ದಾಗ ಪಕ್ಕದಲ್ಲೇ ಒಂದು ಲಗೇಜ್ ಆಟೋ ಬಂದು ನಿಂತಿತು. ಅದರ ತುಂಬ ಹೊಲಿದ ಜೀನ್ಸ್ ಪ್ಯಾಂಟುಗಳ ಕಟ್ಟುಗಳು. ಇನ್ನೂ ನೀರು ಕಾಣದ ದಪ್ಪ ಬಟ್ಟೆಯ ವಾಸನೆ, ಅದರೊಳಗೆ ಸೇರಿಕೊಂಡ ಮಿಶಿನ್ ಎಣ್ಣೆಯ ವಾಸನೆ. ಚಹಾ ಹೇಳಿ ಕೂತವಳು, ಅದು ಬರುವಷ್ಟರಲ್ಲಿ ಎದ್ದು, ಬಸ್‌ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಗೆ ನಡೆದಾಡತೊಡಗಿದೆ. ಆ ಊರಿನಲ್ಲಿ ನಾನು ಕಳೆದ ಒಂದು ಆಷಾಢ, ಒಂದು ಶ್ರಾವಣವನ್ನು ಕೂತು ನೆನೆಯಲು ಇವತ್ತಿಗೂ ಆಗುವುದಿಲ್ಲ. ಕಾಲು ತಾನಾಗಿ ಎದ್ದುಬಿಡುತ್ತದೆ.

ಆಗ ನನಗೆ ಇಪ್ಪತ್ತಮೂರು. ಅಗಳಿಯ ಹತ್ತಿರದ ಹಳ್ಳಿಯವಳು, ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದಿತೆಂದರೆ ಮನೆಮಂದಿಗೆಲ್ಲ ಸೊಪ್ಪು ಹೊರುವುದೇ ಕೆಲಸ. ಸುಮ್ಮನೆ ಕೂರುವವರನ್ನು ಕಂಡರೆ ನಮ್ಮಮ್ಮನಿಗೆ ಆಗುತ್ತಿರಲಿಲ್ಲ. ಹಿಂದೂಪುರದಲ್ಲಿ ಡಿಗ್ರಿ ಮುಗಿಸಿ ಅಲ್ಲೇ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಂಗಡಿಗೆ, ಆಸ್ಪತ್ರೆಗೆ, ಹಾಲಿನ ಡೇರಿಗೆ ಚಿಕ್ಕಪುಟ್ಟ ಪ್ರೋಗ್ರಾಂ ಬರೆದುಕೊಡುವುದು. ಬೇಗ ಬರೆಯುತ್ತೇನೆ ಎನ್ನುವ ಹೆಸರಿತ್ತು. ಸರಿಯಾಗಿ ಬರೆಯುತ್ತೇನೋ ಇಲ್ಲವೋ, ಅದನ್ನು ಆಗ ನಾನೂ ಕೇಳಿಕೊಂಡಿರಲಿಲ್ಲ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಒಬ್ಬರು ನಮ್ಮ ಸರ್‌ಗೆ ಫೋನ್ ಮಾಡಿದ್ದರು. ಎರಡು ತಿಂಗಳು ಅಲ್ಲೇ ಇದ್ದು ಪ್ರೋಗ್ರಾಂ ಮಾಡಿಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಮಾಲೀಕರ ಹೆಸರು ನಾಗರಾಜಪ್ಪ. ಇಪ್ಪತ್ತು ಮಿಶಿನ್ನಿನ ಉದ್ದನೆಯ ಶೆಡ್ಡು, ಮೇಲೆ ತಗಡು. ಗಾಳಿ ಬೀಸಿದಾಗಲೆಲ್ಲ ತಗಡು ಬಡಿದುಕೊಂಡು, ಮಿಶಿನ್ನುಗಳ ಸದ್ದೋ ತಗಡಿನ ಸದ್ದೋ ತಿಳಿಯುತ್ತಿರಲಿಲ್ಲ.

"ಯಾರ ಹೊಲಿಗಿ ಬಿಚ್ಚಾಕ ಬರ್ತೈತಿ ಅಂತ ನನಗ ಗೊತ್ತಾಗ್ಬೇಕು ನೋಡಮ್ಮ, ಅಷ್ಟ," ಎಂದರು ನಾಗರಾಜಪ್ಪ ಮೊದಲ ದಿನವೇ.

ಬಿಚ್ಚುವುದು ಅಲ್ಲಿ ದೊಡ್ಡ ಮಾತು. ಹೊಲಿದ ಪ್ಯಾಂಟು ಚೆಕಿಂಗಿನಲ್ಲಿ ನಪಾಸಾದರೆ ಅದು 'ಬಿಚ್ಚಿಗೆ ಹೋಯಿತು' ಎಂದರ್ಥ. ಅದು ಹೊಲಿದವರ ಕೈಗೆ ತಿರುಗಿ ಹೋಗುತ್ತಿರಲಿಲ್ಲ. ಶೆಡ್ಡಿನ ಹಿಂಬದಿಯಲ್ಲಿ ಇಬ್ಬರು ಹೆಂಗಸರು ಕೂತು, ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಹಾಗಾಗಿ ತನ್ನದು ಎಷ್ಟು ಬಿಚ್ಚಿಗೆ ಹೋಯಿತೆಂದು ಹೊಲಿದವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆ ದಾರಿಯನ್ನು ಮಾಡಲು ಬಂದವಳು ನಾನು.

ನಾನು ಮಾಡಿದ್ದು ಇಷ್ಟೆ. ಕಂಪ್ಯೂಟರಿನಲ್ಲಿ ಫೈಲುಗಳನ್ನು ನೋಡುವಾಗ ಎಡಗಡೆ ಒಂದು ಪಟ್ಟಿ ಇರುತ್ತದಲ್ಲ, ಒಂದನ್ನು ತೆರೆದರೆ ಅದರ ಕೆಳಗೆ ಇನ್ನಷ್ಟು ಮೂಡುವಂಥದ್ದು, ಅದಕ್ಕೆ ನಾವು ಟ್ರೀ ವ್ಯೂ ಎನ್ನುತ್ತೇವೆ. ಮೇಲೆ ಶೆಡ್ಡು, ಅದರ ಕೆಳಗೆ ಸಾಲುಗಳು, ಸಾಲಿನ ಕೆಳಗೆ ಹೊಲಿಯುವವರ ಹೆಸರುಗಳು. ಹೆಸರಿನ ಮೇಲೆ ಮೌಸಿನ ಬಲಗಡೆಯ ಬಟನ್ ಒತ್ತಿದರೆ ಒಂದು ಸಣ್ಣ ಪಟ್ಟಿ ಬರುತ್ತದೆ. ಅದರಲ್ಲಿ 'ಬಿಚ್ಚು' ಎಂಬುದನ್ನು ಒತ್ತಿದರೆ ಆ ಹೆಸರಿಗೆ ಒಂದು ಗುರುತು ಒಳಗೆ ಸೇರಿಕೊಳ್ಳುತ್ತದೆ. ಶನಿವಾರ ಸಂಜೆ ಪ್ರಿಂಟರಿನಿಂದ ಹಾಳೆ ತೆಗೆದರೆ ವಾರದ್ದೆಲ್ಲ ಕಾಣುತ್ತದೆ. ಹತ್ತು ದಿನದಲ್ಲಿ ಮುಗಿಸಿದೆ. ನಾನೇ ಎಲ್ಲ ಹೆಸರುಗಳ ಮೇಲೂ ಒಂದೊಂದು ಸಲ ಒತ್ತಿ ನೋಡಿದೆ. ಸರಿಯಾಗಿತ್ತು.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದೆ. ಅದನ್ನು ನೋಡಿ ಮೇಸ್ತ್ರಿ ತಿಪ್ಪೇಸ್ವಾಮಿ ಗಾಬರಿಯಾದರು. ಚೆಕಿಂಗು, ಮೌಸು ಎರಡೂ ಅವರ ಜವಾಬ್ದಾರಿ.

"ಮೇಡಂ, ಹೊನ್ನೂರಕ್ಕನ್ನ ಕೆಳಗ ಹಾಕೀರಲ್ರಿ! ಆಕಿ ಹೆಸರು ಮ್ಯಾಲ ಬರ್ಬೇಕ್ರಿ."

"ಹ ಅಕ್ಷರ ಕೊನೇಗೆ ತಾನೆ ಬರೋದು?"

"ಅಕ್ಷರ ಇರ್ಲಿ ಬಿಡ್ರಿ. ಮೊದಲನೇ ಕಟ್ಟು ಆಕಿ ಕೈಗೇ ಕೊಡೋದು ನಾವು. ಆಕಿ ಕೈಗುಣ ಅಂಥಾದ್ದು."

ಅದು ಆ ಶೆಡ್ಡಿನ ಪದ್ಧತಿ. ಬೆಳಿಗ್ಗೆ ಕತ್ತರಿಸಿದ ಬಟ್ಟೆಯ ಮೊದಲ ಕಟ್ಟನ್ನು ಊದಿನಕಡ್ಡಿಯ ಹೊಗೆ ತೋರಿಸಿ ಹೊನ್ನೂರಕ್ಕನ ಮಿಶಿನ್ನಿನ ಮೇಲೆ ಇಡಬೇಕು. ಆಕೆ ಒಂದು ಜೇಬು ಹೊಲಿದ ಮೇಲೆಯೇ ಉಳಿದವರ ಮಿಶಿನ್ನು ಓಡುವುದು. ಶೆಡ್ಡು ಶುರುವಾದ ದಿನದಿಂದ ಹಾಗೇ ನಡೆದುಬಂದಿತ್ತಂತೆ. ನಾನು ನಕ್ಕು ಆಕೆಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ.

ಹೊನ್ನೂರಕ್ಕನ ಪರಿಚಯ ನನಗೆ ಆಗಲೇ ಆಗಿತ್ತು. ನಾನು ಹಿಡಿದ ಬಾಡಿಗೆ ಕೋಣೆ ಆಕೆಯ ಮನೆಯ ಎದುರಿಗೇ. ಐವತ್ತರ ಆಸುಪಾಸು, ಗಂಡ ಗುಮ್ಮಘಟ್ಟದ ಕಡೆ ಕುರಿ ಹೊಡೆದುಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಬಂದ ಎರಡನೇ ದಿನವೇ, "ಒಬ್ಬಾಕಿನ ಏನು ಬೇಯಿಸ್ಕೊಂತಿ, ಬಾರವ್ವ," ಎಂದು ಕರೆದು ಜೋಳದ ರೊಟ್ಟಿ, ಶೇಂಗಾ ಪುಡಿ, ಮೊಸರು ಹಾಕಿದಳು. ಆಮೇಲೆ ನಾನು ಕೋಣೆಯಲ್ಲಿ ಒಲೆ ಹಚ್ಚಿದ್ದೇ ಇಲ್ಲ. ನನ್ನ ಮಾತು ಕೇಳಿ ಆಕೆಗೆ ನಗು. ನಾನು 'ಹೌದು ಕಣಕ್ಕ' ಎಂದರೆ, "ಎಲ್ಲಾದಕ್ಕೂ ಕಣ ಕಣ ಅಂತಿ, ರಾಶಿ ಮಾಡೋ ಕಣ ಐತೇನು ನಿಮ್ಮೂರಾಗ," ಎಂದು ಗೇಲಿ ಮಾಡುತ್ತಿದ್ದಳು. ಕೂತಲ್ಲಿ ಕೂರದೆ ನಾನು ಕೈಯಲ್ಲಿ ರೊಟ್ಟಿ ಹಿಡಿದು ಅಂಗಳದಲ್ಲಿ ತಿರುಗಾಡುತ್ತ ತಿನ್ನುವುದನ್ನು ನೋಡಿ ಬೈಯುತ್ತಲೂ ಇದ್ದಳು.

ಪ್ರೋಗ್ರಾಂ ಶುರುವಾದ ಮೊದಲ ಶನಿವಾರದ ಹಾಳೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಚ್ಚು ಹೊನ್ನೂರಕ್ಕನ ಹೆಸರಿಗಿತ್ತು. ನಾಗರಾಜಪ್ಪ ಅದನ್ನು ಮತ್ತೆ ಮತ್ತೆ ನೋಡಿ, ಒಂದು ವಾರ ಹಾಗಾಗುತ್ತದೆ ಎಂದು ಸುಮ್ಮನಾದರು. ಎರಡನೇ ಶನಿವಾರವೂ ಅದೇ. ಉಳಿದವರದು ಅಲ್ಲೊಂದು ಇಲ್ಲೊಂದು. ಆಕೆಯದು ಸಾಲು ಸಾಲು. ಅವರು ಆಕೆಯನ್ನು ಕರೆದು ಹಾಳೆ ತೋರಿಸಿದರು. ಹೊನ್ನೂರಕ್ಕನಿಗೆ ಕನ್ನಡ, ತೆಲುಗು ಎರಡೂ ಓದಲು ಬರುತ್ತಿತ್ತು. ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಏನೂ ವಾದ ಮಾಡಲಿಲ್ಲ.

ವಾದ ಮಾಡಿದ್ದರೆ ಚೆನ್ನಾಗಿತ್ತು. ಮಾರನೆಯ ವಾರದಿಂದ ಆಕೆ ಹೊಲಿದ ಪ್ರತಿಯೊಂದು ಜೇಬನ್ನೂ ಬೆಳಕಿಗೆ ಹಿಡಿದು ನೋಡತೊಡಗಿದಳು. ಹಿಡಿದು, ತಿರುಗಿಸಿ, ಹೆಬ್ಬೆರಳಿನಿಂದ ಹೊಲಿಗೆಯುದ್ದಕ್ಕೂ ಸವರಿ, ಆಮೇಲೆ ಸಣ್ಣ ಕತ್ತರಿ ತೆಗೆದು ಬಿಚ್ಚುತ್ತಿದ್ದಳು. ಮತ್ತೆ ಹೊಲಿದು, ಮತ್ತೆ ಬಿಚ್ಚುತ್ತಿದ್ದಳು. ನಾನೊಮ್ಮೆ ಹತ್ತಿರ ಹೋಗಿ ನೋಡಿದೆ. ಹೊಲಿಗೆ ದಾರ ಎಳೆದು ಗೆರೆ ಹಾಕಿದ ಹಾಗಿತ್ತು.

"ಚೆನ್ನಾಗೈತಲ್ಲಕ್ಕ, ಯಾಕೆ ಬಿಚ್ತೀಯ?"

"ನಿನ್ನ ಕಣ್ಣಿಗೆ ಚಲೋ ಕಾಣ್ತೈತಿ. ನನ್ನ ಕಣ್ಣಿಗೂ ಚಲೋ ಕಾಣ್ತೈತಿ. ಚೆಕಿಂಗಿನಾಗ ಯಾಕ ಕಾಣವಲ್ದು ಮತ್ತ?"

ಆಕೆಗೆ ವಯಸ್ಸಾಯಿತೇನೋ ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಅದನ್ನೇ. ನನ್ನ ಪ್ರೋಗ್ರಾಂ ತಪ್ಪಿರಬಹುದು ಎನ್ನುವ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ. ರೊಟ್ಟಿ ಮಾತ್ರ ದಿನಾ ಆಕೆಯ ಮನೆಯಲ್ಲೇ ತಿನ್ನುತ್ತಿದ್ದೆ.

ಬಿಚ್ಚಿ ಹೊಲಿದರೆ ಕೆಲಸ ಹಿಂದೆ ಬೀಳದೆ ಇರುತ್ತದೆಯೇ? ಮೂರನೇ ಶನಿವಾರದ ಹಾಳೆ ಬಂದ ಮೇಲೆ ನಾಗರಾಜಪ್ಪ ಆಕೆಯನ್ನು ಮಿಶಿನ್ನಿನಿಂದ ಎಬ್ಬಿಸಿದರು. ಸೋಮವಾರದಿಂದ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸ. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಮೊದಲ ಕಟ್ಟು ಪಕ್ಕದ ಮಿಶಿನ್ನಿಗೆ ಹೋಯಿತು. ಊದಿನಕಡ್ಡಿಯ ಹೊಗೆ ತೋರಿಸುವಾಗ ಶೆಡ್ಡಿನಲ್ಲಿ ಯಾರೂ ಆಕೆಯ ಕಡೆ ನೋಡಲಿಲ್ಲ. ಬಾಗಿಲಿನಿಂದ ಗಾಳಿ ನುಗ್ಗಿ, ಆಕೆ ಕತ್ತರಿಸಿದ ದಾರದ ತುಣುಕುಗಳು ಕೂದಲಿಗೆಲ್ಲ ಅಂಟಿಕೊಳ್ಳುತ್ತಿದ್ದವು.

ಆ ವಾರ ನನಗೆ ಎಲ್ಲೂ ನಿಲ್ಲಲಾಗಲಿಲ್ಲ. ಕೆಲಸ ಮುಗಿದಿತ್ತು, ಬರುವ ಸೋಮವಾರ ಹಿಂದೂಪುರಕ್ಕೆ ಹೊರಡಬೇಕಿತ್ತು. ಸುಮ್ಮನೆ ಶೆಡ್ಡಿನ ಹೊರಗೆ ನಿಂತು ಬೆಳುಗುಪ್ಪದ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆಗಳನ್ನು ನೋಡುವುದು, ಒಳಗೆ ಬರುವುದು, ಮತ್ತೆ ಹೊರಗೆ ಹೋಗುವುದು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹೋದಾಗಲೆಲ್ಲ ಕಂಪ್ಯೂಟರ್ ಮತ್ತೆ ಶುರು ಮಾಡಬೇಕು.

ಶನಿವಾರ ಸಂಜೆ ಹಾಳೆ ತೆಗೆದವಳು ನಾನೇ. ಆ ವಾರವೂ ಎಲ್ಲರಿಗಿಂತ ಹೆಚ್ಚು ಬಿಚ್ಚು ಹೊನ್ನೂರಕ್ಕನ ಹೆಸರಿಗೇ ಇತ್ತು. ಆ ವಾರ ಆಕೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ.

ತಿಪ್ಪೇಸ್ವಾಮಿಯವರನ್ನು ಕರೆದೆ. "ಅಣ್ಣ, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಒಂದ್ಸಲ ಮಾಡಿ ತೋರ್ಸಿ."

ಅವರು ಕುರ್ಚಿಯಲ್ಲಿ ಕೂತು ಪ್ರೋಗ್ರಾಂ ತೆರೆದರು. ಮೌಸನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಡಗಡೆಯ ಬಟನ್ನಿನಿಂದ ಹೊನ್ನೂರಕ್ಕನ ಹೆಸರಿನ ಮೇಲೆ ಒಂದು ಸಲ ಒತ್ತಿದರು.

"ಇದ್ಯಾಕೆ?"

"ಬೋಣಿರಿ. ಕಟ್ಟು ಹೆಂಗ ಆಕಿ ಕೈಗೆ ಮೊದಲು ಕೊಡ್ತಿದ್ವೋ, ಇದೂ ಹಂಗ. ಕರೆಂಟ್ ಹೋಗಿ ಬಂದಾಗೆಲ್ಲ ಮೊದಲು ಆಕಿ ಹೆಸರು ಒತ್ತಿನೇ ಶುರು ಮಾಡ್ತೀನ್ರಿ."

"ಅವರನ್ನ ಮಿಶಿನ್ನಿಂದ ಎಬ್ಬಿಸಿದ್ ಮೇಲೂ?"

"ಮೊದಲ ಕಟ್ಟು ಮಾಲಕರು ತಪ್ಪಿಸಿದ್ರು. ಇದು ನನ್ನ ಕೈಯಾಗಿಂದು, ಯಾಕ ತಪ್ಪಿಸ್ಲಿ?" ಎಂದರು. ಆಮೇಲೆ ಇನ್ನೊಬ್ಬಳ ಹೆಸರಿನ ಮೇಲೆ ಹೋಗಿ ಬಲಗಡೆಯ ಬಟನ್ ಒತ್ತಿದರು. ಆರಿಸಿದ ಹೆಸರು ಯಾವುದೆಂದು ತೋರಿಸುವ ನೀಲಿ ಪಟ್ಟಿ ಒಂದು ಕ್ಷಣ ಆ ಹೆಸರಿನ ಮೇಲೆ ಬಂತು. ಬೆರಳೆತ್ತಿದರು. ಪಟ್ಟಿ ತಿರುಗಿ ಹೊನ್ನೂರಕ್ಕನ ಹೆಸರಿನ ಮೇಲೆ ಹೋಗಿ ಕೂತಿತು. ಅವರು 'ಬಿಚ್ಚು' ಒತ್ತಿದರು.

ನನಗೆ ಎಲ್ಲವೂ ತಿಳಿಯಿತು. ಟ್ರೀ ವ್ಯೂನಲ್ಲಿ ಬಲಗಡೆಯ ಬಟನ್ ಒತ್ತಿದರೆ ಆಯ್ಕೆ ಬದಲಾಗುವುದಿಲ್ಲ. ಮೊದಲು ಎಡಗಡೆಯ ಬಟನ್ನಿನಿಂದ ಯಾವ ಹೆಸರು ಆರಿಸಿರುತ್ತೇವೋ ಅದೇ ಉಳಿದಿರುತ್ತದೆ. ನಾನು ಬರೆದ ಸಾಲು, ಆಯ್ಕೆಯಾಗಿರುವ ಹೆಸರಿಗೆ ಗುರುತು ಹಾಕು ಎಂದಿತ್ತೇ ಹೊರತು ಒತ್ತಿದ ಹೆಸರಿಗೆ ಹಾಕು ಎಂದಿರಲಿಲ್ಲ. ನಾನು ಪರೀಕ್ಷೆ ಮಾಡುವಾಗ ಅಭ್ಯಾಸಬಲದಿಂದ ಪ್ರತಿ ಹೆಸರನ್ನೂ ಎಡಗಡೆ ಒತ್ತಿ, ಆಮೇಲೆ ಬಲಗಡೆ ಒತ್ತಿದ್ದೆ. ತಿಪ್ಪೇಸ್ವಾಮಿ ಎಡಗಡೆ ಒತ್ತುತ್ತಿದ್ದದ್ದು ಒಂದೇ ಹೆಸರನ್ನು, ಗೌರವಕ್ಕೆಂದು. ಎಲ್ಲೋ ಒಮ್ಮೆ ಕೈತಪ್ಪಿ ಬೇರೆ ಹೆಸರನ್ನು ಎಡಗಡೆ ಒತ್ತಿದಾಗ ಮಾತ್ರ ಒಂದೆರಡು ಅವರಿಗೆ ಹೋಗಿದ್ದವು. ಉಳಿದಂತೆ ಇಪ್ಪತ್ತು ಜನರ ತಪ್ಪೆಲ್ಲ ಆ ಗೌರವದ ಹಿಂದೆಯೇ ಹೋಗಿ ಆಕೆಯ ತಲೆಯ ಮೇಲೆ ಬಿದ್ದಿತ್ತು.

"ಅಣ್ಣ, ಬೇರೆ ಬೇರೆಯವ್ರ ಹೆಸ್ರು ಒತ್ತಿರೋದು ನಿಮಗೆ ಗೊತ್ತಲ್ಲ. ಹಾಳೆ ನೋಡಿದಾಗ ಅನುಮಾನ ಬರ್ಲಿಲ್ವಾ?"

"ಬಂತ್ರಿ. ಆದ್ರ ನನ್ನ ನೆನಪು ತಪ್ಪಿರ್ತೈತಿ, ಕಂಪ್ಯೂಟರ್ ತಪ್ಪತೈತೇನ್ರಿ ಅಂದ್ಕೊಂಡೆ," ಎಂದರು ಆ ಮನುಷ್ಯ ಮುಗ್ಧವಾಗಿ.

ತಿದ್ದಲು ಒಂದೇ ಸಾಲು ಸಾಕಾಯಿತು. ಬಲಗಡೆ ಒತ್ತಿದಾಗ ಒತ್ತಿದ ಹೆಸರನ್ನೇ ಮೊದಲು ಆಯ್ಕೆ ಮಾಡು, ಅಷ್ಟೆ. ಚಹಾ ತಣ್ಣಗಾಗುವಷ್ಟರಲ್ಲಿ ಮುಗಿಯಿತು. ತಿಪ್ಪೇಸ್ವಾಮಿಗೆ, "ಸಣ್ಣದೊಂದು ಸರಿ ಮಾಡ್ದೆ," ಎಂದಷ್ಟೇ ಹೇಳಿದೆ. ಆ ವಾರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದೆ. ನಾಗರಾಜಪ್ಪನವರಿಗೆ ಪ್ರಿಂಟರ್ ಕೈಕೊಟ್ಟಿದೆ ಎಂದೆ. ಹೇಡಿತನ, ಇನ್ನೇನು? ಸೋಮವಾರ ಬಸ್ಸು ಹತ್ತಿಬಿಟ್ಟರೆ ಮುಗಿಯಿತು, ಇನ್ನು ಮುಂದೆ ಗುರುತು ಸರಿಯಾಗಿಯೇ ಬೀಳುತ್ತದೆ, ಸ್ವಲ್ಪ ದಿನ ಕಳೆದರೆ ಆಕೆಗೂ ಮಿಶಿನ್ನು ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಸಂಕಟ ಹೆಚ್ಚಾಯಿತು.

ಭಾನುವಾರ ಮಧ್ಯಾಹ್ನ ಹೊನ್ನೂರಕ್ಕ ಊಟಕ್ಕೆ ಕರೆದಳು. ಬೆಳಿಗ್ಗೆ ಊರಿನಲ್ಲಿ ಕಣ್ಣು ತಪಾಸಣೆಯ ಕ್ಯಾಂಪ್ ಇತ್ತು, ಹೋಗಿ ಬಂದಿದ್ದಳು. ರೊಟ್ಟಿ ತಟ್ಟುತ್ತಲೇ ಹೇಳಿದಳು.

"ಡಾಕ್ಟ್ರು ಎಲ್ಲಾ ಓದಿಸಿ ನೋಡಿದ್ರವ್ವ. ದಾರದ ಕೆಲಸಕ್ಕ ಹಾಕ್ಕೊಂತಿದ್ದ ಕನ್ನಡಕ ಸರಿ ಐತಂತ. ಕಣ್ಣು ಚಲೋ ಅದಾವಂತ."

"ಒಳ್ಳೇದಾಯ್ತಲ್ಲಕ್ಕ."

"ಏನು ಒಳ್ಳೇದು? ಕಣ್ಣು ಕೆಟ್ಟಿದ್ರ ಬ್ಯಾರೆ ಕನ್ನಡಕ ಹಾಕ್ಕೊಂತಿದ್ದೆ. ಹಂಗಾದ್ರ ಕೆಟ್ಟಿದ್ದು ಕೈ ಅಂದಂಗಾತು." ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಕೈಗೆ ಎಲ್ಲಿ ಕನ್ನಡಕ ತರ್ಲಿ?"

ತಟ್ಟೆ ಬಿಟ್ಟು ಎದ್ದೆ. ಹೊಟ್ಟೆ ಸರಿಯಿಲ್ಲ ಎಂದು ಕೋಣೆಗೆ ಬಂದೆ. ಬ್ಯಾಗು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಈಗಲೇ ಹೋಗಿ ಆಕೆಗೊಬ್ಬಳಿಗೇ ಹೇಳಿಬಿಡಲೇ ಎಂದು ಬಾಗಿಲ ತನಕ ಹೋಗಿ ಬಂದೆ. ಆಕೆಯನ್ನು ಎಬ್ಬಿಸಿದ್ದು ಇಪ್ಪತ್ತು ಜನರ ಎದುರಿಗೆ. ನಾನು ಗುಟ್ಟಾಗಿ ಹೇಳಿದರೆ ಅದು ಯಾವ ನ್ಯಾಯ ಎನ್ನಿಸಿತು.

ಸೋಮವಾರ ಬೆಳಿಗ್ಗೆ ಊದಿನಕಡ್ಡಿ ಹಚ್ಚುವ ಮೊದಲೇ ಶೆಡ್ಡಿನ ನಡುವೆ ಹೋಗಿ ನಿಂತೆ. ಮಿಶಿನ್ನುಗಳು ಇನ್ನೂ ಶುರುವಾಗಿರಲಿಲ್ಲ. ತಗಡಿನ ಸದ್ದಿಗೆ ಕೇಳಿಸಲಿ ಎಂದು ಕೂಗಿಯೇ ಹೇಳಿದೆ. ತಪ್ಪು ಹೊನ್ನೂರಕ್ಕನದಲ್ಲ, ಮೇಸ್ತ್ರಿಯದೂ ಅಲ್ಲ, ನನ್ನದು ಎಂದೆ. ಹೇಗೆ ಆಯಿತೆಂದು ವಿವರಿಸಿದೆ. ಮಡಚಿದ ಹಾಳೆಯನ್ನು ಬ್ಯಾಗಿನಿಂದ ತೆಗೆದು ನಾಗರಾಜಪ್ಪನವರ ಕೈಗೆ ಕೊಟ್ಟೆ. ಆಕೆ ಬೆಂಚಿನ ಮೇಲಿದ್ದ ವಾರದಲ್ಲೂ ಆಕೆಯ ಹೆಸರಿಗೇ ಬಿದ್ದಿರುವುದನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಆತು ಬಿಡಮ್ಮ, ಸರಿ ಮಾಡೀಯಲ್ಲ," ಎಂದರು ಹಾಳೆಯನ್ನು ಮತ್ತೆ ಮಡಚುತ್ತ. "ಹೊನ್ನೂರಕ್ಕ, ಹೋಗವ್ವ, ನಿನ್ನ ಮಿಶಿನ್ನಿಗೆ ಹೋಗು. ತಿಪ್ಪೇಸ್ವಾಮಿ, ಕಟ್ಟು ತಗೊಂಬಾ."

ಹೊನ್ನೂರಕ್ಕ ಬೆಂಚಿನಿಂದ ಎದ್ದಳು. ಕೂದಲಿಗೆ ಅಂಟಿದ್ದ ದಾರವನ್ನು ಕಿತ್ತು ಹಾಕಿದಳು. ಮಿಶಿನ್ನಿನ ಕಡೆಗೆ ಹೋಗಲಿಲ್ಲ, ನೇರ ಕಂಪ್ಯೂಟರ್ ಮೇಜಿನ ಹತ್ತಿರ ಬಂದಳು. ಕಣ್ಣುಗಳು ಕೆಂಪಾಗಿದ್ದವು. ಅತ್ತಿರಲಿಲ್ಲ, ಸಿಟ್ಟು ಬಂದಿತ್ತು.

"ಈಗ ಸರಿಯಾಗೇತೇನು ಇದು?"

"ಆಗೈತಕ್ಕ. ಯಾರ ಹೆಸ್ರು ಒತ್ತಿದ್ರೆ ಅವ್ರಿಗೇ ಹೋಗ್ತೈತೆ."

"ನನ್ನ ಹೆಸರಿಗೆ ಬಿದ್ದಾವಲ್ಲ, ಅವು ಯಾರ್ಯಾರ್ವು ಅಂತ ಹೇಳಾಕ ಬರ್ತೈತೇನು?"

"ಇಲ್ಲಕ್ಕ. ಅದು ಎಲ್ಲೂ ಉಳಿದಿಲ್ಲ."

ಶೆಡ್ಡಿನಲ್ಲಿ ಎಷ್ಟೋ ಜನ ಉಸಿರು ಬಿಟ್ಟದ್ದು ಕೇಳಿಸಿತು. ಹೊನ್ನೂರಕ್ಕ ಅವರ ಕಡೆ ತಿರುಗಿ ನೋಡಿ, "ಹೋಗ್ಲಿ, ಒಳ್ಳೇದ ಆತು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವು ಹೋಗ್ಲಿ. ಚಲೋ ಇದ್ದ ಹೊಲಿಗಿನ ನನ್ನ ಕೈಲೆ ನಾನ ಬಿಚ್ಚೀನಲ್ಲ, ಅದನ್ನ ಯಾರ ಹೆಸರಿಗೆ ಬರೀತಿ?"

ನಾನು ಕುರ್ಚಿಯಲ್ಲಿ ಕೂತು ಟ್ರೀ ತೆರೆದೆ. ಎಲ್ಲ ಹೆಸರುಗಳ ಕೆಳಗೆ ಇನ್ನೊಂದು ಹೆಸರು ಸೇರಿಸಿದೆ. ಮಂಜುಳಾ. ಎದ್ದು ಆಕೆಯನ್ನು ಕೂರಿಸಿ ಮೌಸಿನ ಮೇಲೆ ಕೈ ಇಡಿಸಿದೆ.

"ಇದು ನನ್ನ ಹೆಸ್ರು. ಬಲಗಡೆ ಒತ್ತಕ್ಕ."

ಒತ್ತಿದಳು. ನೀಲಿ ಪಟ್ಟಿ ನನ್ನ ಹೆಸರಿನ ಮೇಲೆ ಬಂತು, ಅಲ್ಲೇ ನಿಂತಿತು. 'ಬಿಚ್ಚು' ಒತ್ತಿದಳು.

"ಇದು ಮಂಗಳವಾರದ್ದು. ಹಿಂದಿನ ಜೇಬು, ಎಡಗಡೇದು."

ಮತ್ತೆ ಒತ್ತಿದಳು.

"ಇದೂ ಅವತ್ತಿಂದ. ಜಿಪ್ಪಿನ ಬಾಜೂದ್ದು. ಇದನ್ನ ಎರಡು ಸಲ ಬಿಚ್ಚೀನಿ." ಎರಡು ಸಲ ಒತ್ತಿದಳು.

ಒಂದನ್ನೂ ಮರೆತಿರಲಿಲ್ಲ. ಯಾವ ದಿನ, ಯಾವ ಬಣ್ಣದ ಬಟ್ಟೆ, ಯಾವ ಹೊಲಿಗೆ ಎಂದು ಒಂದೊಂದನ್ನೂ ಹೇಳಿ ಒತ್ತುತ್ತ ಹೋದಳು. ಇಪ್ಪತ್ತು ಮಿಶಿನ್ನುಗಳು ಸುಮ್ಮನೆ ಕಾದಿದ್ದವು. ಕಟ್ಟು ಹಿಡಿದುಕೊಂಡು ತಿಪ್ಪೇಸ್ವಾಮಿ ನಿಂತೇ ಇದ್ದರು. ಕೊನೆಗೆ ಆಕೆಯ ಬೆರಳು ನಿಂತಿತು. ನಾನು, "ಮುಗೀತೇನಕ್ಕ?" ಎಂದೆ.

"ತಡಿ," ಎಂದಳು ಹೊನ್ನೂರಕ್ಕ ಪರದೆಯಿಂದ ಕಣ್ಣು ತೆಗೆಯದೆ, "ಇನ್ನೊಂದೈತಿ."